ಏರು ಬಂದ ಕೂಡಲೇ ಸೈಕಲ್ ಮೋಟಾರ್ ಆಫ್ ಆಗುತ್ತದೆ, ಕಂಟ್ರೋಲರ್ ಹೋಗಿದೆಯಾ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ನನ್ನ ಹಳೇ ಸೈಕಲ್ಲಿಗೆ ಕಡಿಮೆ ಬೆಲೆಯ ಕಿಟ್ ಒಂದನ್ನು ನಾನೇ ಕೂರಿಸಿದೆ. ಹಿಂದಿನ ಚಕ್ರದಲ್ಲಿ 36 ವೋಲ್ಟ್, 250 ವ್ಯಾಟ್‌ನ ಹಬ್ ಮೋಟಾರ್. ಬ್ಯಾಟರಿ ಲೆಡ್ ಆಸಿಡ್. 12 ವೋಲ್ಟ್, 12 ಆಂಪಿಯರ್ ಅವರ್‌ನವು ಮೂರು, ಸೀರೀಸ್‌ನಲ್ಲಿ.

ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ. ಏರು ಬಂದರೆ ಅರ್ಧ ನಿಮಿಷ ಎಳೆಯುತ್ತದೆ, ಆಮೇಲೆ ಪಟ್ಟಂತ ನಿಲ್ಲುತ್ತದೆ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಶುರುವಾಗುತ್ತದೆ. ಸ್ವಲ್ಪ ಮುಂದೆ ಹೋಗಿ ಮತ್ತೆ ಅದೇ ಕಥೆ. ಮನೆಗೆ ಬಂದು ಬ್ಯಾಟರಿಗೆ ಮೀಟರ್ ಇಟ್ಟರೆ 38 ವೋಲ್ಟ್ ತೋರಿಸುತ್ತದೆ. ಅಂದರೆ ಬ್ಯಾಟರಿ ಸರಿ ಇದೆ ಅಲ್ವಾ? ಕಂಟ್ರೋಲರ್ ಹೊಸದು ತರಿಸಲಾ? ಇಷ್ಟು ಭಾರದ ಸೈಕಲ್ಲನ್ನು ಏರಿನಲ್ಲಿ ತುಳಿದು ಸಾಕಾಗಿದೆ.

ಉತ್ತರ:
ದಯವಿಟ್ಟು ಈಗಲೇ ಏನೂ ತರಿಸಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಕಂಟ್ರೋಲರ್ (ಬ್ಯಾಟರಿಯಿಂದ ಮೋಟಾರ್‌ಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆ) ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ ಅನ್ನಿಸುತ್ತದೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಅದು ಮೋಟಾರ್ ನಿಲ್ಲಿಸಿಬಿಡುತ್ತದೆ. ಲೆಡ್ ಆಸಿಡ್‌ಗೆಂದು ಮಾಡಿದ 36 ವೋಲ್ಟ್ ಕಂಟ್ರೋಲರ್‌ಗಳಲ್ಲಿ ಈ ಮಟ್ಟ ಸಾಮಾನ್ಯವಾಗಿ 31.5 ವೋಲ್ಟ್. ಒಂದೊಂದು ಬ್ಯಾಟರಿಗೆ 10.5ರ ಲೆಕ್ಕ. ಕಂಟ್ರೋಲರ್ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ, ನೋಡಿ.

ಮನೆಯಲ್ಲಿ ಕಂಡ 38 ವೋಲ್ಟ್ ನಂಬಬೇಡಿ. ಅದು ಕೆಲಸ ಮಾಡದೆ ಕೂತಿರುವ ಬ್ಯಾಟರಿಯ ಅಳತೆ. ಚಕ್ರ ಎತ್ತಿ ಥ್ರಾಟಲ್ ತಿರುಗಿಸಿ ನೋಡಿದರೂ ಉಪಯೋಗವಿಲ್ಲ, ಖಾಲಿ ಚಕ್ರಕ್ಕೆ ಒಂದೆರಡು ಆಂಪಿಯರ್ ಸಾಕು. ಏರಿನಲ್ಲಿ ನಿಮ್ಮ ಭಾರ ಎಳೆಯುವಾಗ 15 ಆಂಪಿಯರ್‌ವರೆಗೂ ಹೋಗಬಹುದು. ಅಳತೆ ಬೇಕಿರುವುದು ಆಗಲೇ.

ಹೀಗೆ ಮಾಡಿ. ಮೀಟರನ್ನು ಡಿಸಿ 200 ವೋಲ್ಟ್‌ಗೆ ಇಡಿ. ಪ್ರೋಬ್ ಆಂಪಿಯರ್ ತೂತಿನಲ್ಲಿ ಇರಬಾರದು, ಇದ್ದರೆ ನೇರ ಶಾರ್ಟ್ ಆಗುತ್ತದೆ. ಎರಡು ಉದ್ದ ವೈರ್ ಎಳೆದು ಮೀಟರನ್ನು ಹ್ಯಾಂಡಲ್‌ಗೆ ಟೇಪ್ ಸುತ್ತಿ ಕಟ್ಟಿ. ಫೋನಿನಲ್ಲಿ ವಿಡಿಯೊ ಆಗುತ್ತಿರಲಿ, ಓಡಿಸುತ್ತಾ ಮೀಟರ್ ನೋಡಬೇಡಿ. ಮೊದಲು ಕಂಟ್ರೋಲರ್ ಹತ್ತಿರದ ಕೆಂಪು-ಕಪ್ಪು ವೈರಿನಲ್ಲಿ ಅಳೆಯಿರಿ. ಆಮೇಲೆ ಮೂರು ಬ್ಯಾಟರಿಯನ್ನೂ ಬೇರೆ ಬೇರೆ. ಪ್ರತಿ ಸಲವೂ ಅದೇ ಏರು ಹತ್ತಿ.

ಇನ್ನೊಬ್ಬರು:
ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲಿಸುವ ಸ್ವಿಚ್ ಬ್ರೇಕ್ ಲಿವರ್‌ನಲ್ಲಿ ಇರುತ್ತದೆ, ಅದನ್ನೂ ಒಮ್ಮೆ ನೋಡಿ. ನನಗೆ ಅದರಿಂದಲೇ ಮೋಟಾರ್ ನಿಲ್ಲುತ್ತಿತ್ತು. ಲಿವರ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ.

ಉತ್ತರ:
ಒಳ್ಳೆಯ ಮಾತು, ಅದನ್ನೂ ನೋಡಬೇಕು. ಆದರೆ ಬ್ರೇಕ್ ಸ್ವಿಚ್ ಆಗಿದ್ದರೆ ಲಿವರನ್ನು ಮುಂದಕ್ಕೆ ತಳ್ಳಿದ ಕೂಡಲೇ ಮೋಟಾರ್ ಬರುತ್ತದೆ, ಕೀ ಮುಟ್ಟಬೇಕಾಗಿಲ್ಲ. ಸಮತಟ್ಟಿನಲ್ಲೂ ಕಾಡುತ್ತದೆ. ಇವರದು ಏರಿನಲ್ಲಿ ಮಾತ್ರ.

ಪ್ರಶ್ನೆ ಕೇಳಿದವರು:
ಒಂದೇ ಏರನ್ನು ಬೆಳಿಗ್ಗೆಯಿಂದ ನಾಲ್ಕು ಸಲ ಹತ್ತಿದೆ. ಮೋಟಾರ್ ನಿಲ್ಲುವ ಹೊತ್ತಿಗೆ ಬಂದ ಅಳತೆ ಇದು. ಬ್ಯಾಟರಿಗಳು 11.7, 11.6, 9.9. ಕಂಟ್ರೋಲರ್ ಹತ್ತಿರ 31.3. ಚೀಟಿಯಲ್ಲಿ 31.5 ಎಂದೇ ಇದೆ, 15 ಆಂಪಿಯರ್ ಎಂದೂ ಇದೆ. ನೀವು ಹೇಳಿದ್ದು ಸರಿ, ನನಗೆ ಈಗ ಅರ್ಥವಾಯಿತು. ಆದರೆ ಮೂರನ್ನೂ ಕೂಡಿದರೆ 33.2 ಆಗುತ್ತದೆ. ಉಳಿದ ಸುಮಾರು 2 ವೋಲ್ಟ್ ಎಲ್ಲಿ ಹೋಯಿತು?

ಉತ್ತರ:
ಬಹಳ ಚೆನ್ನಾಗಿ ಅಳೆದಿದ್ದೀರಿ. ಆ 2 ವೋಲ್ಟ್ ದಾರಿಯಲ್ಲಿ ಬಿಸಿಯಾಗಿ ಹೋಗುತ್ತಿದೆ. 15 ಆಂಪಿಯರ್‌ಗೆ ಗುಣಿಸಿದರೆ ಹತ್ತಿರ ಹತ್ತಿರ 30 ವ್ಯಾಟ್. ಸಣ್ಣ ಸೋಲ್ಡರಿಂಗ್ ಐರನ್ನೇ 25 ವ್ಯಾಟ್ ಇರುತ್ತದೆ! ಅಷ್ಟು ಬಿಸಿ ಒಂದು ಜಾಯಿಂಟಿನಲ್ಲಿ ಕೂತರೆ ಪ್ಲಾಸ್ಟಿಕ್ ಕರಗುತ್ತದೆ. ಏರು ಹತ್ತಿ ನಿಂತ ತಕ್ಷಣ ಬ್ಯಾಟರಿಯಿಂದ ಕಂಟ್ರೋಲರ್‌ವರೆಗೆ ಪ್ರತಿ ಕನೆಕ್ಟರ್ ಹತ್ತಿರ ಬೆರಳು ತಂದು ನೋಡಿ. ಮೆಲ್ಲಗೆ, ಸುಟ್ಟೀತು. ನನಗೆ ಫ್ಯೂಸ್ ಹೋಲ್ಡರ್ ಮೇಲೆ ಅನುಮಾನ. ಗಾಜಿನ ಫ್ಯೂಸ್ ಹಾಕುವ, ಒಳಗೆ ಸ್ಪ್ರಿಂಗ್ ಇರುವ ಥರದ್ದಾ?

ಪ್ರಶ್ನೆ ಕೇಳಿದವರು:
ಹೌದು, ಅದೇ! ಬಿಚ್ಚಿ ನೋಡಿದೆ. ಒಂದು ಕಡೆ ಕಪ್ಪು ಪ್ಲಾಸ್ಟಿಕ್ ಉಬ್ಬಿ ಸುಕ್ಕಾಗಿದೆ. ಸ್ಪ್ರಿಂಗ್ ನೀಲಿ ಬಣ್ಣಕ್ಕೆ ತಿರುಗಿದೆ, ಒತ್ತಿದರೆ ವಾಪಸ್ ಬರುವುದೇ ಇಲ್ಲ. ಸುಟ್ಟ ವಾಸನೆ ಇತ್ತು. ಇಷ್ಟು ದಿನ ಸೀಟಿನ ಕೆಳಗೇ ಇತ್ತು, ಗಮನಿಸಿರಲಿಲ್ಲ. ಬ್ಯಾಟರಿಗೆ ಏನು ಮಾಡಲಿ?

ಉತ್ತರ:
ಫ್ಯೂಸ್ ತೆಗೆದು ನೇರ ಜೋಡಿಸಲು ಮಾತ್ರ ಹೋಗಬೇಡಿ. ಕಾರಿನಲ್ಲಿ ಬರುವ ಚಪ್ಪಟೆ ಬ್ಲೇಡ್ ಫ್ಯೂಸ್ ಇದೆಯಲ್ಲ, ಅದರ ಹೋಲ್ಡರ್ ಹಾಕಿ. ಫ್ಯೂಸ್ 20 ಆಂಪಿಯರ್, ವೈರ್ 2.5 ಚದರ ಮಿಲಿಮೀಟರ್. ಬರೀ ತಿರುಚಿ ಟೇಪ್ ಸುತ್ತಬೇಡಿ, ಬೆಸುಗೆ ಹಾಕಿ.

ಮೂರನೇ ಬ್ಯಾಟರಿ ಸತ್ತಿದೆ ಎಂದು ಈಗಲೇ ಹೇಳಲಾರೆ. 36 ವೋಲ್ಟ್ ಚಾರ್ಜರ್‌ಗೆ ಕಾಣುವುದು ಮೂರರ ಒಟ್ಟು ಮೊತ್ತ ಮಾತ್ರ. ಎರಡು ಮೊದಲೇ ತುಂಬಿ ವೋಲ್ಟೇಜ್ ಏರಿಸಿದರೆ ಮೂರನೆಯದು ಅರ್ಧ ಹೊಟ್ಟೆಯಲ್ಲೇ ಉಳಿಯುತ್ತದೆ. ಓಡಿಸುವಾಗ ಅದೇ ಮೊದಲು ಖಾಲಿ. ದಿನ ಕಳೆದಂತೆ ಈ ಅಂತರ ಜಾಸ್ತಿಯೇ ಆಗುತ್ತದೆ. ಆದ್ದರಿಂದ ಮಧ್ಯದ ಜೋಡಣೆ ಬಿಚ್ಚಿ, ಲೆಡ್ ಆಸಿಡ್‌ನ 12 ವೋಲ್ಟ್ ಚಾರ್ಜರ್‌ನಿಂದ ಅದೊಂದನ್ನೇ ರಾತ್ರಿಯಿಡೀ ಚಾರ್ಜ್ ಮಾಡಿ. ಕಿಟಕಿ ತೆರೆದಿರಲಿ. ಬಿಚ್ಚಿ ಕೆಲವು ಗಂಟೆ ಬಿಟ್ಟು ನೋಡಿದರೆ 12.7 ಹತ್ತಿರ ನಿಲ್ಲಬೇಕು. ನಿಲ್ಲದಿದ್ದರೆ ಮೂರನ್ನೂ ಒಟ್ಟಿಗೆ ಬದಲಿಸುವುದೇ ವಾಸಿ. ಹಳೆಯದರ ನಡುವೆ ಹೊಸದೊಂದನ್ನು ಸೇರಿಸಿದರೆ ಇದೇ ಏರುಪೇರು ಮತ್ತೆ ಶುರುವಾಗುತ್ತದೆ.

ಮತ್ತೊಬ್ಬರು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮೋಟಾರ್ ಶುರುವಿನಲ್ಲಿ ಗಡಗಡ ನಡುಗುತ್ತದೆ, ತಿರುಗುವುದಿಲ್ಲ. ಇದೂ ಬ್ಯಾಟರಿಯಾ?

ಉತ್ತರ:
ಅಲ್ಲ, ಅದು ಬೇರೆ. ಮೋಟಾರಿನ ಮೂರು ದಪ್ಪ ವೈರಿನಲ್ಲಿ ಒಂದು ಸಡಿಲವಾಗಿರಬಹುದು, ಇಲ್ಲವೇ ಹಾಲ್ ಸೆನ್ಸರ್ (ಮೋಟಾರ್ ಎಷ್ಟು ತಿರುಗಿದೆ ಎಂದು ಕಂಟ್ರೋಲರ್‌ಗೆ ತಿಳಿಸುವ ಭಾಗ) ಕೆಟ್ಟಿರಬಹುದು. ಕೀ ಆನ್ ಇಟ್ಟು, ಥ್ರಾಟಲ್ ಮುಟ್ಟದೆ, ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಆ ಸೆನ್ಸರಿನ ಸಣ್ಣ ಹಳದಿ, ಹಸಿರು, ನೀಲಿ ವೈರ್‌ಗಳಲ್ಲಿ ವೋಲ್ಟೇಜ್ 0 ಮತ್ತು 5ರ ನಡುವೆ ಬದಲಾಗುತ್ತಿರಬೇಕು. ಬದಲಾಗದ ವೈರ್ ಕಂಡರೆ ಮೊದಲು ಅದರ ಕನೆಕ್ಟರಿನ ಪಿನ್ ನೋಡಿ. ಹೊಸ ಪುಟ ತೆರೆದು ಫೋಟೊ ಹಾಕಿ, ಖಂಡಿತ ನೋಡುತ್ತೇನೆ.

ಪ್ರಶ್ನೆ ಕೇಳಿದವರು:
ಮೂರು ದಿನ ಆಯಿತು, ಹೇಳಲೇಬೇಕು. ಹೋಲ್ಡರ್ ಬದಲಿಸಿದೆ, ಮೂರನೆಯದನ್ನು ಒಂದೇ ಚಾರ್ಜ್ ಮಾಡಿದೆ. ಇವತ್ತು ಅದೇ ಏರಿನಲ್ಲಿ ಬ್ಯಾಟರಿಗಳು 11.8, 11.7, 11.3. ಕಂಟ್ರೋಲರ್ ಹತ್ತಿರ 34.5. ತುದಿಯವರೆಗೂ ಒಂದೂ ಸಲ ನಿಲ್ಲಲಿಲ್ಲ! ತುಂಬಾ ಧನ್ಯವಾದ.

ಉತ್ತರ:
ಓದಿ ನಿಜಕ್ಕೂ ಖುಷಿಯಾಯಿತು. 11.3 ಬಂದಿರುವ ಬ್ಯಾಟರಿಗೆ ಒಂದು ಗುರುತು ಹಾಕಿಡಿ, ತಿಂಗಳಿಗೊಮ್ಮೆ ಹೀಗೇ ಅಳೆಯಿರಿ. ಇನ್ನೊಂದು ವಿಷಯ, ಸ್ಪ್ಯಾನರ್ ಕೈಯಲ್ಲಿದ್ದಾಗಲೇ ಹಿಂದಿನ ಆಕ್ಸಲ್ ನಟ್ ಬಿಗಿ ಇದೆಯಾ ನೋಡಿ. ಈಗ ಮೋಟಾರ್ ಪೂರ್ತಿ ಜೋರಾಗಿ ಎಳೆಯುತ್ತದೆ. ನಟ್ ಸಡಿಲವಿದ್ದರೆ ಆಕ್ಸಲ್ ಜಾಗದಲ್ಲೇ ತಿರುಗಿ ವೈರ್ ಕತ್ತರಿಸಿಬಿಡುತ್ತದೆ. ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಲೋಹದ ಪಟ್ಟಿ) ಹಾಕಿಲ್ಲವಾದರೆ ಈ ವಾರವೇ ಹಾಕಿ.