ಕಾಂಪೋಸ್ಟ್ ಟ್ರೇಯ ಬದನೆ ಸಸಿ ಹಳದಿ, ಪೀಟ್ ಟ್ರೇಯದ್ದು ಹಸಿರು. ಯಾಕಿರಬಹುದು?

ಮಹಡಿತೋಟ, ಕುವೆಂಪುನಗರ, ಮೈಸೂರು:
ಎಲ್ಲರಿಗೂ ನಮಸ್ಕಾರ. ಈರನಗೆರೆ ಬದನೆ ಬೀಜವನ್ನು ಎರಡು ಪ್ರೋಟ್ರೇಗಳಲ್ಲಿ (ಸಸಿ ಎಬ್ಬಿಸುವ ಗುಳಿ ಗುಳಿ ಟ್ರೇ) ಒಂದೇ ದಿನ ಹಾಕಿದ್ದೆ. ಒಂದಕ್ಕೆ ಮನೆಯಲ್ಲೇ ಮಾಡಿದ ಕಾಂಪೋಸ್ಟ್. ತರಕಾರಿ ಸಿಪ್ಪೆ, ಒಣ ಎಲೆ, ಸ್ವಲ್ಪ ಸಗಣಿ, ಕಬ್ಬಿನ ಹಾಲಿನ ಅಂಗಡಿಯಿಂದ ತಂದ ಎರಡು ಚೀಲ ಸಿಪ್ಪೆ. ಎರಡು ತಿಂಗಳು ಕೊಳೆಸಿದ್ದೆ. ಇನ್ನೊಂದಕ್ಕೆ ಅಂಗಡಿಯ ಪೀಟ್ ಮಾಸ್, ಅಂದರೆ ಜೌಗು ನೆಲದಲ್ಲಿ ಅರೆಕೊಳೆತ ಪಾಚಿ. ಇವತ್ತಿಗೆ 24 ದಿನ. ಪೀಟ್ ಟ್ರೇ ಕಣ್ಣಿಗೆ ಹಬ್ಬ. ಕಾಂಪೋಸ್ಟ್ ಟ್ರೇಯ ಸಸಿಗಳು ಕುಳ್ಳಗಿವೆ, ಕೆಳಗಿನ ಎಲೆಯಿಂದ ಹಳದಿ ಆಗುತ್ತಿವೆ. ಸಗಣಿ, ಸೊಪ್ಪು ಎಲ್ಲ ಇರುವ ಗೊಬ್ಬರಕ್ಕಿಂತ ಬರೀ ಪೀಟ್‌ನಲ್ಲಿ ಸಾರ ಜಾಸ್ತಿ ಇರುತ್ತದಾ? ಬೀಜ ಅಮ್ಮ ಎತ್ತಿಟ್ಟಿದ್ದು, ಉಳಿದಿರುವುದು ಸ್ವಲ್ಪವೇ. ದಯವಿಟ್ಟು ಹೇಳಿ.

ಸಸಿಮಡಿ, ಪಾಂಡವಪುರ:
ಅಕ್ಕ, ಪೀಟ್‌ನಲ್ಲಿ ಸಾರ ಇಲ್ಲವೇ ಇಲ್ಲ ಅನ್ನಬಹುದು. ಚೀಲದ ಹಿಂದೆ ಓದಿ. ಸುಣ್ಣ, ರಸಗೊಬ್ಬರ ಸೇರಿಸಿದ್ದೇವೆ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಬರೀ ಪೀಟ್ ಹುಳಿ, ಪಿಎಚ್ 4ರ ಆಸುಪಾಸು. ಅದಕ್ಕೇ ಸುಣ್ಣ ಬೆರೆಸಿ 5.5, 6ಕ್ಕೆ ತರುತ್ತಾರೆ. ನಿಮಗೆ ಕಾಣುತ್ತಿರುವ ಹಸಿರು ಆ ರಸಗೊಬ್ಬರದ್ದು. ನೀರು ಹಾಕಿದ ಹಾಗೆಲ್ಲ ಅದು ತೊಳೆದು ಹೋಗುತ್ತದೆ. ಏನೂ ಕೊಡದಿದ್ದರೆ ಆ ಟ್ರೇಯೂ ಬಿಳಿಚಿಕೊಳ್ಳುತ್ತದೆ.

ಕಾಂಪೋಸ್ಟ್‌ನಲ್ಲಿ ನನಗೆ ಅನುಮಾನ ಕಬ್ಬಿನ ಸಿಪ್ಪೆ ಮೇಲೆ. ನಮ್ಮ ಕಡೆ ರಚ್ಚು ಅನ್ನುತ್ತೇವೆ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು ನೂರು ಪಾಲು ಇಂಗಾಲ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಅದು 20ಕ್ಕೆ ಇಳಿದಿರಬೇಕು. ರಚ್ಚು ಇನ್ನೂ ಕೊಳೆಯುತ್ತಿದ್ದರೆ ಕೊಳೆಸುವ ಜೀವಿಗಳಿಗೂ ಸಾರಜನಕ ಬೇಕು ಅಲ್ವಾ? ಬೇರಿಗಿಂತ ಮೊದಲು ಅವೇ ಎಳೆದುಕೊಳ್ಳುತ್ತವೆ. ಆಗ ಸಸಿ ಹಳೇ ಎಲೆಯಲ್ಲಿದ್ದದ್ದನ್ನು ತೆಗೆದು ಸುಳಿಗೆ ಕೊಡುತ್ತದೆ. ಕೆಳಗಿನಿಂದ ಹಳದಿ ಆಗುವುದು ಅದಕ್ಕೇ. ನಾನೂ ಆಲೆಮನೆ ರಚ್ಚು ನಂಬಿ ಒಂದು ಸಲ 40 ಟ್ರೇ ಮೆಣಸಿನ ಸಸಿ ಕಳೆದುಕೊಂಡೆ. ಎರಡು ದಿನ ಊಟ ಸೇರಲಿಲ್ಲ.

ಒಂದು ಹಿಡಿ ಗೊಬ್ಬರ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ. ಮೂರು ದಿನ ಬಿಟ್ಟು ಮೂಸಿ ನೋಡಿ. ಮಣ್ಣಿನ ವಾಸನೆ ಬಂದರೆ ಸರಿ. ಹುಳಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಸದ್ಯಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ರಸಗೊಬ್ಬರ) ಲೀಟರಿಗೆ 2 ಗ್ರಾಂ, ವಾರಕ್ಕೊಮ್ಮೆ ಕೊಡಿ.

ವಿ.ಸಿ. ಫಾರಂ (ಕೃಷಿ ಕಾಲೇಜು) ಹಳೇ ವಿದ್ಯಾರ್ಥಿನಿ, ಮಂಡ್ಯ:
ಅಣ್ಣ ಹೇಳಿದ್ದು ಸರಿ. ಇನ್ನೊಂದು ಮಾತು. ಲ್ಯಾಬ್ ರಿಪೋರ್ಟ್‌ನಲ್ಲಿ ಕಾಂಪೋಸ್ಟ್‌ಗೆ ಸಾರಜನಕ 1.5 ಪರ್ಸೆಂಟ್ ಅಂತ ಬಂದರೆ ಅದು ಒಟ್ಟು ಲೆಕ್ಕ. ಟ್ರೇಯಲ್ಲಿರುವ ನಾಲ್ಕು ವಾರದಲ್ಲಿ ಸಸಿಗೆ ಸಿಗುವುದು ಅದರಲ್ಲಿ ಸ್ವಲ್ಪವೇ. ಪೊಟ್ಯಾಷ್ ಹಾಗಲ್ಲ, ಬಹುಪಾಲು ಕೂಡಲೇ ಸಿಗುತ್ತದೆ. ಜಾಸ್ತಿಯಾದರೆ ಉಪ್ಪಾಗಿ ಎಳೇ ಬೇರನ್ನು ಸುಡುವುದೂ ಉಂಟು. ಹಾಗಾಗಿ ಟ್ರೇಗೆ ಬರೀ ಕಾಂಪೋಸ್ಟ್ ಬೇಡ. ಮೂರರಲ್ಲಿ ಒಂದು ಪಾಲು ಸಾಕು, ಉಳಿದದ್ದು ಚೆನ್ನಾಗಿ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಪೀಟ್ ಮಾಸ್ ಕೆನಡಾ, ಯುರೋಪಿನ ಜೌಗು ನೆಲದಿಂದ ಬರಬೇಕು. ಅಲ್ಲಿ ಅದು ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಇಷ್ಟು ತೆಂಗು ಇರುವ ನಮ್ಮ ಜಿಲ್ಲೆಗೆ ಅದನ್ನು ತರಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಮಹಡಿತೋಟ, ಕುವೆಂಪುನಗರ, ಮೈಸೂರು:
ಕವರ್ ಬಿಚ್ಚಿದೆ. ಹುಳಿ ವಾಸನೆಯೇ. ಅರ್ಧ ಟ್ರೇಗೆ ಮಾತ್ರ 19:19:19 ಕೊಟ್ಟು ನೋಡಿದೆ. ಆರನೇ ದಿನಕ್ಕೆ ಸುಳಿ ಹಸಿರಾಗಿದೆ, ಹಳದಿ ಆದ ಎಲೆ ಹಾಗೇ ಇದೆ. ಇವತ್ತು ಉಳಿದರ್ಧಕ್ಕೂ ಕೊಟ್ಟೆ. ಗೊಬ್ಬರದ ಗುಡ್ಡೆಗೆ ಸಗಣಿ ಬಗ್ಗಡ ಸುರಿದು ಮಗುಚಿ ಹಾಕಿದ್ದೇನೆ. ಅಣ್ಣ, ಗಿಡ ಉಳಿದು ಕಾಯಿ ಹಣ್ಣಾದರೆ ಬೀಜ ನಿಮ್ಮ ಮಡಿಗೂ ಕಳಿಸುತ್ತೇನೆ.