ಸಹಾಯ ಬೇಕ್ರಿ: ಕಡಿಮಿ ರೇಟಿನ ಚಲೋ ಬ್ಲೆಂಡ್ ವೈನ್ ಯಾವುದೈತಿ?
ಅಣ್ಣಾರ ಅಕ್ಕಾರ ನಮಸ್ಕಾರ್ರಿ, ನಾನು ಕೊಪ್ಪಳದಾಂವ, ಯಾವಾಗರ ರವಿವಾರ ಊಟದ ಜೊತಿ ಒಂದ್ ಗ್ಲಾಸ್ ವೈನ್ ಕುಡಿಯೋದು ಅಷ್ಟ. ಮೊನ್ನೆ ಬೆಂಗಳೂರಾಗ ದೋಸ್ತನ ಮನ್ಯಾಗ ಗ್ರೋವರ್ ಲಾ ರಿಸರ್ವ್ ಅನ್ನೋ ರೆಡ್ ವೈನ್ ಕೊಟ್ರು, ಕ್ಯಾಬರ್ನೆ ಸುವಿನ್ಯೋನ್ ಮತ್ತ ಶಿರಾಜ್ ದ್ರಾಕ್ಷಿ ಎರಡೂ ಕೂಡ್ಸಿ ಮಾಡಿದ ಬ್ಲೆಂಡ್, ನಂದಿ ಬೆಟ್ಟದ ಕಡೇದು. ಬರೇ ಕ್ಯಾಬರ್ನೆ ಕುಡದ್ರ ನನಗ ನೇರಳೆಹಣ್ಣು ತಿಂದಂಗ ನಾಲಿಗಿ ಒಗರ ಹಿಡಿತೈತಿ, ಇದರಾಗ ಶಿರಾಜ್ ಸೇರಿ ಆ ಒಗರು ಮೆತ್ತಗಾಗಿ ಕಡೀಕ ಸಣ್ಣಗ ಕರಿಮೆಣಸಿನ ಘಾಟು ಬರ್ತಿತ್ತು, ಬಾಳ ಸೇರ್ತು ನೋಡ್ರಿ, ಆದ್ರ ಪ್ರತಿ ಸಲ ತರಾಕ ರೇಟ್ ಜಾಸ್ತಿ ಆಗ್ತೈತಿ.

ಇಂಥದ್ದ ಮಿಕ್ಸ್ 800 ರೂಪಾಯಿ ಒಳಗ ಯಾವುದರ ಐತೇನ್ರಿ? ಸುಲಾ ಕಂಪನಿದ ಕ್ಯಾಬರ್ನೆ ಶಿರಾಜ್ ಕುಡದೋರು ಹೆಂಗೈತಿ ಹೇಳ್ರಿ. ಪೋರ್ಟ್ ವೈನ್ ಬ್ಯಾಡ, ಅದು ಬಾಳ ಸಿಹಿ.

ಮತ್ತ ಕೊಪ್ಪಳ, ಗಂಗಾವತಿ, ಹೊಸಪೇಟಿ ಕಡೆ ಬಾಟ್ಲಿ ನೆರಳಾಗ ತಂಪಾಗಿ ಇಡೋ ಅಂಗಡಿ ಗೊತ್ತಿದ್ರ ತಿಳಸ್ರಿ, ಬ್ಯಾಸಿಗಿ ಬಿಸಿಲು ಬಡದ ವೈನ್ ರುಚಿನ ಕೆಡ್ತೈತಿ. ರೆಡ್ ವೈನ್ 16-18 ಡಿಗ್ರಿಯಾಗ ಕುಡೀಬೇಕಂತಾರ, ನಮ್ಮಲ್ಲಿ 40 ಡಿಗ್ರಿ ಇರೋವಾಗ ಫ್ರಿಜ್ಜಿನಾಗ ಎಷ್ಟೊತ್ತು ಇಡ್ತೀರಿ ನೀವು? ರೊಟ್ಟಿ, ಎಣ್ಣಿಗಾಯಿ ಜೊತಿ ಹೊಂದೋದು ಇದ್ರಂತೂ ಮೊದಲ ಅದನ್ನ ಹೇಳ್ರಿ.