ಅಪ್‌ಡೇಟ್: 47ಕ್ಕೆ ತೂಕ ಇಳಿಯುತ್ತಾ ಅಂತ ಕೇಳಿದ್ದೆನಲ್ಲ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ವಯಸ್ಸು 47, ತೂಕ 84 ಕೆಜಿ, ವಾರ ನಡೆದು ಬಿಟ್ಟುಬಿಡುತ್ತೇನೆ, ಏನು ಮಾಡಲಿ? ಜೊತೆ ಹುಡುಕಿ ಅಂದಿದ್ದಿರಿ.

ಹುಡುಕಿದೆ. ಈಗ ನಮ್ಮ ಬೀದಿಯ ನಾಲ್ವರು ಹೆಂಗಸರು ಬೆಳಿಗ್ಗೆ ತುಮಕೂರು ಅಮಾನಿಕೆರೆ ಹತ್ತಿರ ನಡೆಯುತ್ತೇವೆ. ಒಬ್ಬರು ಏಳದಿದ್ದರೆ ಉಳಿದವರು ಗೇಟ್ ಮುಂದೆ ನಿಂತು ಕೂಗುತ್ತಾರೆ. ಆ ಮರ್ಯಾದೆಗೆ ಅಂಜಿಯೇ ಏಳುತ್ತೇನೆ, ಸುಳ್ಳು ಯಾಕೆ!

ಮುದ್ದೆ ಬಿಟ್ಟಿಲ್ಲ. ಎರಡು ಒಂದಾಗಿದೆ, ಸೊಪ್ಪಿನ ಪಲ್ಯ ಜಾಸ್ತಿಯಾಗಿದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಭಾನುವಾರ ಮಾತ್ರ. ಈಗ 78 ಕೆಜಿ.

ನಡುವೆ ಮಗಳ ಸೀಮಂತದಲ್ಲಿ ಒಬ್ಬಟ್ಟು ತಿಂದು ಒಂದೂವರೆ ಕೆಜಿ ವಾಪಸ್ ಬಂದಿತ್ತು. ಸಾಕು ಅನ್ನಿಸಿಬಿಟ್ಟಿತ್ತು. ಎದುರುಮನೆ ಅಕ್ಕ, ‘ಬಂದಿದ್ದು ಹೋಗುತ್ತೆ, ಶೂ ಹಾಕ್ಕೋ’ ಅಂದರು, ಅಷ್ಟೇ.

ಮುಂದಿನ ತಿಂಗಳು ದೇವರಾಯನದುರ್ಗ ಹತ್ತೋಣ ಅಂತಿದ್ದೇವೆ. ಮಂಡಿ ಒಪ್ಪಿದರೆ.